ಚಿಪ್ಪಿನ ಸುಣ್ಣಕ್ಕೆ ಕಾರವಾರದ ಗಾಳಿ ಆಗಿಬರಲ್ಲ

ಕಾಳಿ ಅಳಿವೆಯಲ್ಲೋ ಅಂಕೋಲಾ ಕಡಲತೀರದಲ್ಲೋ ಸಿಗುವ ಚಿಪ್ಪನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಕ್ಯಾಲ್ಸಿಯಂ ಆಕ್ಸೈಡ್. ಬಯೋಡೀಸೆಲ್ ತಯಾರಿಗೆ ಒಳ್ಳೇ ಘನ ಕ್ಯಾಟಲಿಸ್ಟ್. ಆದ್ರೆ ನಮ್ಮ ತೇವದ ಗಾಳಿಗೆ ತೆರೆದಿಟ್ಟರೆ ಅದರ ಮೇಲ್ಮೈ ನೀರನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರಿ ಕೆಡುತ್ತೆ. ಎಕ್ಸ್-ರೇ ಡಿಫ್ರಾಕ್ಷನ್‌ನಲ್ಲಿ ಈ ತೆಳು ಪದರ ಕಾಣೋದು ಕಷ್ಟ.

ಅಲ್ಲಿ ಘನಸ್ಥಿತಿ ಎನ್‌ಎಂಆರ್ ಬೇಕು. ಘನದಲ್ಲಿ ಅಣುಗಳು ದ್ರವದಲ್ಲಿದ್ದಂತೆ ಉರುಳಾಡಲ್ಲ, ಸಿಗ್ನಲ್ ಅಗಲವಾಗಿ ಹರಡುತ್ತೆ. ಪುಡಿಯನ್ನು ಪುಟ್ಟ ರೋಟರ್‌ಗೆ ತುಂಬಿ, ಕಾಂತಕ್ಷೇತ್ರಕ್ಕೆ 54.7 ಡಿಗ್ರಿ ವಾಲಿಸಿ, ಸೆಕೆಂಡಿಗೆ ಸಾವಿರಾರು ಸುತ್ತು ತಿರುಗಿಸಿದರೆ ಚೂಪಾಗುತ್ತೆ. ಕಾರ್ಬನ್-13ರಲ್ಲಿ 168 ಪಿಪಿಎಂ ಹತ್ತಿರ ಪೀಕ್ ಬಂತೋ, ಅದು ಕಾರ್ಬೊನೇಟ್. ಹೈಡ್ರೋಜನ್‌ನ ಕಾಂತತ್ವವನ್ನು ಪಕ್ಕದ ಕಾರ್ಬನ್‌ಗೆ ದಾಟಿಸಿದರೆ ಹೈಡ್ರಾಕ್ಸಿಲ್ ಬಳಿಯ, ಅಂದ್ರೆ ಬಹುಪಾಲು ಮೇಲ್ಮೈಯ, ಕಾರ್ಬೊನೇಟೇ ಎದ್ದು ಕಾಣುತ್ತೆ. (ಕ್ಯಾಲ್ಸಿಯಂ ಅನ್ನೇ ನೋಡೋಣ ಅಂದ್ರೆ, ಎನ್‌ಎಂಆರ್‌ಗೆ ಸಿಗೋ ಕ್ಯಾಲ್ಸಿಯಂ-43 ಇರೋದೇ ಶೇ. 0.14!)

ಯಂತ್ರ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ಸ್ಯಾಂಪಲ್ ಕಳಿಸೋರು ಬಾಟಲಿಯನ್ನು ಗಾಳಿಯಾಡದಂತೆ ಮುಚ್ಚಿ. ಇಲ್ಲಾಂದ್ರೆ ಅಲ್ಲಿ ಅಳೆಯೋದು ದಾರಿಯಲ್ಲಿ ಕೆಟ್ಟ ಸುಣ್ಣವನ್ನ.