ಗಾಡಿಯ ಮೇಲಣ ಗುಡಾರ ಮತ್ತು ಅದರ ಕಾವಲು

ಶ್ರಾವಣ ಮಾಸದಲ್ಲಿ ಕೌತಾಳಂ ಮಂಡಲದ ಉರುಕುಂದಕ್ಕೆ ಈರಣ್ಣಸ್ವಾಮಿಯ ದರ್ಶನಕ್ಕೆ ಬರುವ ಗಾಡಿಗಳಲ್ಲಿ ಕರ್ನಾಟಕದ ಕಡೆಯವೂ ಬಹಳ. ಅದೇ ಮಾಸದ ಬಹುಳ ಬಿದಿಗೆಯ ಆಸುಪಾಸಿನಲ್ಲಿ ಮಂತ್ರಾಲಯದ ಆರಾಧನೆಯೂ ನಡೆಯುವುದರಿಂದ ಆದವಾನಿಯ ಸುತ್ತಲಿನ ದಾರಿಗಳಲ್ಲಿ ಆಗ ಜನಸಂಚಾರ ನಿಲ್ಲುವುದೇ ಇಲ್ಲ. ಟ್ರ್ಯಾಕ್ಟರಿನ ಟ್ರಾಲಿಗೆ ಕಮಾನು ಕಟ್ಟಿ, ಮೇಲೆ ತಾಡಪತ್ರಿ ಹೊದಿಸಿ, ಅದನ್ನೇ ಮನೆಯಾಗಿಸಿಕೊಂಡು ಬರುವವರು ಹಿಂದಿನಿಂದಲೂ ಇದ್ದಾರೆ. ಈಚೆಗೆ ಜೀಪು, ಕಾರುಗಳ ನೆತ್ತಿಯ ಮೇಲೆ ಮಡಚಿ ಕೂರಿಸಿದ ಸಿದ್ಧ ಗುಡಾರಗಳೂ ಹೆದ್ದಾರಿಗಳಲ್ಲಿ ಕಾಣತೊಡಗಿವೆ. ಏಣಿ ಇಳಿಬಿಟ್ಟು ಹೊದಿಕೆ ಬಿಚ್ಚಿದರೆ ಇಬ್ಬರು ಮಲಗುವಷ್ಟು ಕೋಣೆ ಗಾಡಿಯ ಮೇಲೆಯೇ ತೆರೆದುಕೊಳ್ಳುತ್ತದೆ. ಎರಡರ ಬೆಲೆಯಲ್ಲಿ ಅಜಗಜಾಂತರವುಂಟು. ಆದರೆ ಎರಡಕ್ಕೂ ಕಳ್ಳನ ಭಯ ಒಂದೇ. ತಾಡಪತ್ರಿ ಹೋದ ಬಡ ಕುಟುಂಬಕ್ಕೆ ಆ ರಾತ್ರಿಯ ಮಳೆಯಲ್ಲಿ ಮಕ್ಕಳನ್ನು ಎಲ್ಲಿ ಮಲಗಿಸುವುದೆಂಬುದೇ ದೊಡ್ಡ ಪ್ರಶ್ನೆಯಾಗುವುದರಿಂದ, ಅಲ್ಲಿಯ ನಷ್ಟ ಹೆಚ್ಚಿನದೆಂದೇ ನನ್ನ ಎಣಿಕೆ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಈ ವಿಷಯವೇಕೆ ಎಂದು ಕೇಳಬಹುದು. ಗುಡಾರ, ಕೀಲಿ, ಕಾವಲು ಎಂಬ ಮೂರು ಮಾತುಗಳ ಹಿಂದೆ ಈ ಗಡಿನಾಡಿನ ಚರಿತ್ರೆಯೇ ಅಡಗಿದೆ. ಮೇಲಾಗಿ ನಿಮ್ಮಲ್ಲಿ ಹಲವರ ಮನೆಯ ಟ್ರಾಲಿಗಳು ಬರುವ ಶ್ರಾವಣದಲ್ಲಿಯೂ ಹೊರಡುವುವು.

ಮೊದಲು ಮಾತನ್ನು ನೋಡೋಣ. ಶಾಲೆಯಲ್ಲಿ ಮರಾಠಿ, ಕನ್ನಡ ಎರಡನ್ನೂ ಕಲಿತ ನನಗೆ ಗುಡಾರದ ಪದಗಳೆಲ್ಲ ಜೋಡಿಜೋಡಿಯಾಗಿಯೇ ನೆನಪಾಗುತ್ತವೆ. ಮರಾಠಿಯ ‘ತಂಬೂ’, ‘ರಾಹುಟಿ’ಗಳಿಗೆ ಎದುರಾಗಿ ನಮ್ಮಲ್ಲಿ ‘ಗುಡಾರ’, ‘ಡೇರೆ’, ‘ರಾವುಟಿ’ಗಳಿವೆ. ಗುಡಾರ ತೆಲುಗಿನಲ್ಲಿ ‘ಗುಡಾರಮು’ ಆಗಿ ನಿಂತಿದೆ. ‘ತಾಡಪತ್ರಿ’ ಎಂಬುದು ಇನ್ನೂ ಸ್ವಾರಸ್ಯದ ಪದ. ಹಸ್ತಪ್ರತಿಶಾಸ್ತ್ರ ಓದಿದ ವಿದ್ಯಾರ್ಥಿಗೆ ಅದು ಓಲೆಗರಿಯಂತೆ ಕೇಳಿಸುತ್ತದೆ. ಸಂತೆಯಲ್ಲಿ ಕೇಳಿದರೆ ಅಂಗಡಿಯವನು ಟಾರ್ಪಾಲಿನ ಸುರುಳಿ ಬಿಚ್ಚುತ್ತಾನೆ. ಪರಭಾಷೆಯ ಟಾರ್ಪಾಲಿನ್ ಶಬ್ದವನ್ನು ಜನರು ತಮಗೆ ಪರಿಚಿತವಾದ ತಾಳೆಯ ಎಲೆಗೆ ಹೊಂದಿಸಿಕೊಂಡರೆಂದು ತೋರುತ್ತದೆ. ಹೀಗೆ ಅಪರಿಚಿತ ಪದಕ್ಕೆ ಪರಿಚಿತ ರೂಪ ಕೊಡುವುದು ಆಡುಮಾತಿನ ಸಹಜ ಧರ್ಮ.

‘ಕೀಲಿ’ಯ ಕಥೆ ಬೇರೆ. ಉತ್ತರ ಕರ್ನಾಟಕದಲ್ಲಿ ಕೀಲಿಯೆಂದರೆ ಬೀಗ, ಅದನ್ನು ತೆರೆಯುವುದು ಕೀಲಿಕೈ. ಮರಾಠಿಯಲ್ಲಿ ‘ಕಿಲ್ಲಿ’ ಎಂದರೆ ಬೀಗದ ಕೈಯೇ ಹೊರತು ಬೀಗವಲ್ಲ. ಬೀಗಕ್ಕೆ ‘ಕುಲೂಪ’ ಎಂಬ ಅರಬ್ಬಿ ಮೂಲದ ಪದವಿದೆ. ಒಂದೇ ಮನೆಯಲ್ಲಿ ಎರಡೂ ಭಾಷೆ ನಡೆಯುತ್ತಿದ್ದರೆ “ಕೀಲಿ ತಾ” ಎಂಬ ಮಾತಿಗೆ ಏನನ್ನು ತರಬೇಕೆಂದು ಮಗು ಗಲಿಬಿಲಿಗೊಳ್ಳುವುದುಂಟು. ಸಂಸ್ಕೃತದಲ್ಲಿ ‘ಕೀಲ’ ಎಂದರೆ ಗೂಟ, ಬೆಣೆ. ಎರಡು ವಸ್ತುಗಳನ್ನು ಅಲುಗದಂತೆ ಹಿಡಿದಿಡುವ ಮೊಳೆಯೇ ಮೂಲಾರ್ಥ. ಗಾಡಿಯ ಮೇಲಿನ ಗುಡಾರದ ಮಟ್ಟಿಗೆ ಈ ಮೂಲಾರ್ಥವೇ ಮುಖ್ಯ.

ಏಕೆಂದರೆ, ಸಿದ್ಧ ಗುಡಾರವು ಕೇವಲ ನಾಲ್ಕಾರು ಕೀಲುಗಳ ಮೇಲೆ ನಿಂತಿರುತ್ತದೆ. ವಾಹನದ ನೆತ್ತಿಯ ಮೇಲೆ ಅಡ್ಡಲಾಗಿ ಎರಡು ಸರಳುಗಳು. ಗುಡಾರದ ತಳದಲ್ಲಿ ಉದ್ದಕ್ಕೆ ಎರಡು ಲೋಹದ ಕಾಲುವೆಗಳು. ಆ ಕಾಲುವೆಗಳೊಳಗೆ ಬೋಲ್ಟಿನ ತಲೆ ಜಾರಿ ಕೂರುತ್ತದೆ, ಸರಳಿನ ಕೆಳಗೆ ಪಟ್ಟಿ ಹಾಕಿ ನಟ್ಟು ಬಿಗಿಯುತ್ತಾರೆ. ಈ ನಟ್ಟುಗಳು ಸಾಮಾನ್ಯವಾಗಿ 13 ಮಿ.ಮೀ. ಪಾನಾಕ್ಕೆ ಹೊಂದುವಂಥವು. ಆ ಪಾನಾ ಯಾವ ಮೆಕ್ಯಾನಿಕ್ಕನ ಚೀಲದಲ್ಲಿ ಇರುವುದಿಲ್ಲ? ಗುಡಾರದ ತೂಕ ಸುಮಾರು 50ರಿಂದ 80 ಕಿಲೋ. ಇಬ್ಬರು ಗಟ್ಟಿಗರಿದ್ದರೆ ನಟ್ಟು ಬಿಚ್ಚಿ ಇಳಿಸಿ ಒಯ್ಯಲು ಹೆಚ್ಚು ಹೊತ್ತು ಬೇಡ. ಗುಡಾರದ ಚೀಲಕ್ಕೆ ಎಷ್ಟು ದೊಡ್ಡ ಬೀಗ ಜಡಿದರೂ ಪ್ರಯೋಜನವಿಲ್ಲ. ಕಳ್ಳನು ಚೀಲವನ್ನು ತೆರೆಯಲು ಬಂದವನಲ್ಲ, ಚೀಲಸಮೇತ ಒಯ್ಯಲು ಬಂದವನು.

ಆದ್ದರಿಂದ ರಕ್ಷಣೆ ಆರಂಭವಾಗಬೇಕಾದುದು ನಟ್ಟಿನಿಂದ. ಸಾಧಾರಣ ನಟ್ಟುಗಳಿಗೆ ಬದಲಾಗಿ, ತಮ್ಮದೇ ವಿಶೇಷ ಕೈಯಿಲ್ಲದೆ ತಿರುಗದ ನಟ್ಟುಗಳು ದೊರೆಯುತ್ತವೆ. ಪ್ರತಿ ಸರಳಿನ ಎರಡು ತುದಿಗಳಲ್ಲಿ ಒಂದಕ್ಕಾದರೂ ಅವನ್ನು ಹಾಕಬೇಕು. ಇಲ್ಲಿ ಹಲವರು ಮರೆಯುವ ಸಂಗತಿಯೊಂದಿದೆ: ಅಡ್ಡ ಸರಳುಗಳೇ ವಾಹನಕ್ಕೆ ಸಡಿಲವಾಗಿ ಕೂತಿದ್ದರೆ ಸರಳಿನೊಡನೆ ಗುಡಾರವೂ ಎದ್ದು ಬರುತ್ತದೆ. ಸರಳಿನ ಕಾಲುಗಳಿಗೂ ಬೀಗ ಬೇಕು. ಇದರ ಮೇಲೆ ಉಕ್ಕಿನ ಹಗ್ಗವೊಂದನ್ನು ಗುಡಾರದ ಚೌಕಟ್ಟಿನೊಳಗಿಂದ ಪೋಣಿಸಿ, ಬಾಗಿಲಿನ ಸಂದಿನಿಂದ ವಾಹನದ ಒಳಗೆ ತಂದು ಬೀಗ ಹಾಕಿದರೆ ಕಳ್ಳನ ಕೆಲಸ ಇನ್ನಷ್ಟು ತಡವಾಗುತ್ತದೆ. ಯಾವ ಬೀಗವೂ ಮುರಿಯಲಾಗದ್ದಲ್ಲ. ಸದ್ದು, ಹೊತ್ತು, ಬೆಳಕು ಈ ಮೂರಕ್ಕೇ ಕಳ್ಳ ಹೆದರುವುದು. ಬೀಗವು ಅವನ ಹೊತ್ತನ್ನು ತಿನ್ನುತ್ತದೆ, ಅಷ್ಟೆ. ಗಾಡಿಯನ್ನು ದೀಪದ ಕೆಳಗೆ, ಗೋಡೆಗೆ ಒತ್ತಿ ನಿಲ್ಲಿಸುವುದು ಇದೇ ಲೆಕ್ಕದ ಮೇಲೆ. ತಿಂಗಳುಗಟ್ಟಲೆ ಪಯಣವಿಲ್ಲದಿದ್ದರೆ ಗುಡಾರವನ್ನು ಇಳಿಸಿ ಮನೆಯೊಳಗಿಡುವುದೇ ಲೇಸು.

ಟ್ರಾಲಿಯ ತಾಡಪತ್ರಿಗೆ ಇಷ್ಟೆಲ್ಲ ಬೇಕಿಲ್ಲ. ನೈಲಾನ್ ಹಗ್ಗವನ್ನು ಕಣ್ಣುಗಳ ಮೂಲಕ ಹೊರಗಿನಿಂದ ಕಟ್ಟಿ ಗಂಟನ್ನು ಹೊರಗೇ ಬಿಡುವ ರೂಢಿಯೇ ಕಳ್ಳನಿಗೆ ಅನುಕೂಲ. ಹಗ್ಗವನ್ನು ಒಳಕ್ಕೆಳೆದು, ಮಲಗುವವರ ತಲೆಯ ಬಳಿ ಗಂಟು ಹಾಕಬೇಕು. ಹೊದಿಕೆಯ ನಡುವೆ, ಅಂಚಿನಲ್ಲಲ್ಲ, ಊರಿನ ಹೆಸರನ್ನೂ ಮನೆತನದ ಹೆಸರನ್ನೂ ಎಣ್ಣೆಬಣ್ಣದಲ್ಲಿ ಮೊಳದುದ್ದದ ಅಕ್ಷರಗಳಲ್ಲಿ ಬರೆಯಿಸಿದರೆ ಅದನ್ನು ಕೊಳ್ಳುವವನೇ ಹಿಂಜರಿಯುತ್ತಾನೆ. ಅಂಚಿನಲ್ಲಿ ಬರೆದರೆ ಕತ್ತರಿಸಿ ಹಾಕುವರು. ಕನ್ನಡದಲ್ಲಿ ಬರೆದರೂ ತೆಲುಗಿನಲ್ಲಿ ಬರೆದರೂ ಸಲ್ಲುತ್ತದೆ; ಈ ಸೀಮೆಯಲ್ಲಿ ಎರಡೂ ಲಿಪಿಗಳನ್ನು ಓದುವವರಿದ್ದಾರೆ. ಎಲ್ಲರೂ ಒಟ್ಟಿಗೆ ಹೊಳೆಗೆ ಸ್ನಾನಕ್ಕೆ ಹೋಗದೆ ಹಿರಿಯರೊಬ್ಬರನ್ನು ಗಾಡಿಯಲ್ಲಿ ಕೂರಿಸಿ ಹೋಗುವ ಹಳೆಯ ಪದ್ಧತಿಗೆ ಮಿಗಿಲಾದುದನ್ನು ನಾನಂತೂ ಕಾಣೆ.

ಬೆರಳುದ್ದದ ಸುಳಿವುಯಂತ್ರಗಳನ್ನು ಹಾಸಿಗೆಯೊಳಗೆ ಹೊಲಿದಿಡುವವರಿದ್ದಾರೆ. ಅವುಗಳ ಮಿತಿಯನ್ನು ತಿಳಿದಿರಬೇಕು. ಬ್ಲೂಟೂತ್ ಬಗೆಯದು ತಾನಾಗಿ ಏನನ್ನೂ ಹೇಳದು. ಹತ್ತಿರ ಹಾಯುವ ಬೇರೆಯವರ ಫೋನುಗಳ ಮೂಲಕವೇ ತನ್ನ ಇರವನ್ನು ತಿಳಿಸುತ್ತದೆ. ಪೇಟೆಯಲ್ಲಿ ಅದು ಉಪಯುಕ್ತ, ಹತ್ತಿಯ ಹೊಲದ ನಡುವಿನ ಗುಡಿಸಲಿನಲ್ಲಿ ಮೂಕ. ಸಿಮ್ ಇರುವ ಜಿಪಿಎಸ್ ಬಗೆಯದಕ್ಕೆ ವಿದ್ಯುತ್ತೂ ಬೇಕು, ಸಂಕೇತವೂ ಬೇಕು.

ಇನ್ನು ‘ಕಾವಲು’. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಾರಿಹೋಕ ವ್ಯಾಪಾರಿಗಳ ಸಂಬಂಧ ಒಂದು ನಿಯಮವಿದೆ. ಹಳ್ಳಿಯಲ್ಲಿ ತಂಗುವ ವ್ಯಾಪಾರಿಗಳು ತಮ್ಮ ಸರಕಿನ ಮೌಲ್ಯವನ್ನು ಊರಿನ ಮುಖ್ಯಸ್ಥನಿಗೆ ಮೊದಲೇ ತಿಳಿಸಬೇಕು. ರಾತ್ರಿ ಹೊರಗೊಯ್ಯದ ಸರಕು ಕಳುವಾದರೆ ಅವನೇ ಕಟ್ಟಿಕೊಡಬೇಕು. ಯಾಜ್ಞವಲ್ಕ್ಯ ಸ್ಮೃತಿಯೂ ಕಳ್ಳನ ಹೆಜ್ಜೆ ಊರಿಂದ ಹೊರಗೆ ಹೋಗಿರದಿದ್ದರೆ ಹೊಣೆ ಗ್ರಾಮದ ಒಡೆಯನದೆನ್ನುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನು. ಈ ಹೊಣೆಯನ್ನು ಹಳ್ಳಿಯಲ್ಲಿ ಹೊತ್ತವನು ತಳವಾರ. ಶಾಸನಗಳಲ್ಲಿ ತಳಾರ, ತಳವಾರನೆಂದು ಬರುವ ಇವನೇ ತೆಲುಗಿನಲ್ಲಿ ತಲಾರಿ. ಮರಾಠಿ ಹಳ್ಳಿಯ ‘ಜಾಗಲ್ಯಾ’ ಇವನ ಸಮಾನಧರ್ಮಿ. ಎಚ್ಚರವಾಗಿರುವವನೆಂಬುದೇ ಆ ಹೆಸರಿನ ಅರ್ಥ.

1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ದತ್ತ ಮಂಡಲಗಳಿಗೆ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಬಹುಪಾಲು ಕಾಲವನ್ನು ಡೇರೆಗಳಲ್ಲಿ ಸುತ್ತಾಡುತ್ತಲೇ ಕಳೆದನು. 1816ರಲ್ಲಿ ಮದ್ರಾಸು ಪ್ರಾಂತದಲ್ಲಿ ಗ್ರಾಮದ ಮುಖ್ಯಸ್ಥನಿಗೂ ತಲಾರಿಗೂ ಪೊಲೀಸು ಕರ್ತವ್ಯವನ್ನು ಕಾನೂನಿನ ಮೂಲಕ ವಹಿಸಿದ್ದರಲ್ಲಿ ಅವನ ವಿಚಾರದ ಪ್ರಭಾವವಿದೆ. ಗವರ್ನರನಾಗಿ ಮತ್ತೆ ಈ ಸೀಮೆಗೆ ಪ್ರವಾಸ ಬಂದಾಗಲೇ, 1827ರ ಜುಲೈ 6ರಂದು, ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡನು.

ಇಂದು ತಳವಾರನ ಸ್ಥಾನದಲ್ಲಿ ವಿಮೆಯೂ ಪೊಲೀಸು ಠಾಣೆಯೂ ಇವೆ. ಕೌಟಿಲ್ಯನ ನಿಯಮ ಮಾತ್ರ ಹಾಗೇ ಉಳಿದಿದೆ: ಮೌಲ್ಯವನ್ನು ಮೊದಲೇ ತಿಳಿಸಿರಬೇಕು. ಕಾರ್ಖಾನೆಯಿಂದ ವಾಹನದೊಡನೆ ಬಾರದ ಗುಡಾರದಂಥ ಸಲಕರಣೆಯನ್ನು ವಿಮಾಪತ್ರದಲ್ಲಿ ಬೇರೆಯಾಗಿ ನಮೂದಿಸಿ ಅದರ ಕಂತು ಕಟ್ಟದಿದ್ದರೆ ಕಳುವಾದಾಗ ಪರಿಹಾರ ದೊರೆಯುವುದು ಕಷ್ಟ. ಖರೀದಿಯ ರಸೀದಿ, ಗುಡಾರದ ಮೇಲಿನ ಕ್ರಮಸಂಖ್ಯೆ, ನಾಲ್ಕು ದಿಕ್ಕಿನ ಚಿತ್ರಗಳನ್ನು ಫೋನಿನಲ್ಲಷ್ಟೇ ಅಲ್ಲದೆ ಮನೆಯಲ್ಲೂ ಇಡಬೇಕು.

ಗಡಿಯವರಿಗೆ ಇನ್ನೊಂದು ತೊಡಕು. 1953ರಲ್ಲಿ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೇಲೆ ಒಂದೇ ಹೊಳೆಯ ಎರಡು ಬದಿಗೆ ಎರಡು ರಾಜ್ಯಗಳ ಠಾಣೆಗಳಾದವು. ಮಂತ್ರಾಲಯದಲ್ಲಿ ಕಳೆದುಕೊಂಡ ವಸ್ತುವಿನ ಅರಿವು ಸಿರುಗುಪ್ಪ ಸೇರಿದ ಮೇಲೆ ಆದರೆ ಎಲ್ಲಿ ದೂರು ಕೊಡುವುದು? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ವಿಧಿಯಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ವಿದ್ಯುನ್ಮಾನದ ಮೂಲಕ ಕೊಟ್ಟರೆ ಮೂರು ದಿನಗಳೊಳಗೆ ಹೋಗಿ ಸಹಿ ಹಾಕಬೇಕು. “ಇದು ನಮ್ಮ ಸರಹದ್ದಲ್ಲ” ಎಂಬ ಉತ್ತರ ಬಂದರೆ ಈ ವಿಧಿಯ ಸಂಖ್ಯೆಯನ್ನು ವಿನಯದಿಂದಲೇ ನೆನಪಿಸಿ. ದೂರಿನಲ್ಲಿ ‘ಟೆಂಟು’ ಎಂದಷ್ಟೇ ಬರೆಯದೆ ಬಣ್ಣ, ಅಳತೆ, ಕ್ರಮಸಂಖ್ಯೆ, ಹೊದಿಕೆಯ ಮೇಲಿನ ಬರಹ ಇವನ್ನು ಒಂದೊಂದಾಗಿ ಬರೆಯಿರಿ. ಊರಿನ ಹಿರಿಯರಿಗೆ ಅಂಥ ಅರ್ಜಿಯನ್ನು ಕನ್ನಡದಲ್ಲೋ ತೆಲುಗಿನಲ್ಲೋ ತಿದ್ದಿ ಬರೆದುಕೊಡುವ ಕೆಲಸ ನಿಮ್ಮ ಪಾಲಿಗೇ ಬರುವುದು ಹೆಚ್ಚು.