ಅಡ್ಡಹೆಸರಿನಲ್ಲಿ ಊರು

ಊರಿನ ಹೆಸರೇ ಅಡ್ಡಹೆಸರಾಗುವುದು ಉತ್ತರ ಕರ್ನಾಟಕದ ರೂಢಿ. ಸ್ವಂತ ಊರಿನಲ್ಲಿ ಎಲ್ಲರೂ ಅದೇ ಊರಿನವರು. ಬೇರೆಡೆ ನೆಲೆಸಿದಾಗಲೇ ಊರಿನ ಹೆಸರು ಗುರುತಾಗುತ್ತದೆ. ಹತ್ತಿಮತ್ತೂರಿನಿಂದ ಹೋದವರು ‘ಹತ್ತಿಮತ್ತೂರ’ ಆಗುವುದು ಹೀಗೆ. ಧಾರವಾಡದಲ್ಲಿ 1913ರಲ್ಲಿ ಜನಿಸಿದ ಗಾಯಕಿ ಗಂಗೂಬಾಯಿಯವರು ‘ಹಾನಗಲ್ಲ’ ಆದದ್ದೂ ಹೀಗೆಯೇ.

ಹಳೇ ಮೈಸೂರಿನ ಕಡೆ ಊರು ಇನಿಷಿಯಲ್ ಆಗಿ ಮುಂದೆ ಬರುತ್ತದೆ. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಚ್. ನರಸಿಂಹಯ್ಯನವರ ‘ಎಚ್’ ಎಂದರೆ ಹೊಸೂರು. ದೂರದ ಸ್ಕಾಟ್ಲೆಂಡಿನಲ್ಲೂ ಈ ಪದ್ಧತಿಯುಂಟು. ಟೆನಿಸ್ ಆಟಗಾರ ಆ್ಯಂಡಿ ಮರ್ರೆಯ ಅಡ್ಡಹೆಸರು ಅಲ್ಲಿನ ಮೊರೆ ಪ್ರಾಂತ್ಯದಿಂದ ಬಂದದ್ದು.

ಒಂದೇ ಊರಿನಿಂದ ಬೇರೆ ಬೇರೆ ಮನೆತನ, ಜಾತಿಗಳವರು ಹೊರಟಿರುತ್ತಾರೆ. ಆದ್ದರಿಂದ ಅಡ್ಡಹೆಸರು ಒಂದೇ ಎಂದಮಾತ್ರಕ್ಕೆ ಸಂಬಂಧಿಕರೆಂದು ತಿಳಿಯಬಾರದು, ಜಾತಿಯನ್ನೂ ಊಹಿಸಬಾರದು. ವಿದ್ಯಾರ್ಥಿಗಳು ತಮ್ಮ ಹಿರಿಯರು ಯಾವ ಊರು ಬಿಟ್ಟು, ಏಕೆ ಬಂದರೆಂಬುದನ್ನು ಅಜ್ಜ-ಅಜ್ಜಿಯರಿಂದ ಕೇಳಿ ಬರೆದಿಟ್ಟುಕೊಳ್ಳಲಿ. ಶಾಲೆಯ ಹಾಜರಿಪುಸ್ತಕದಲ್ಲಿ ಅದು ಸಿಗುವುದಿಲ್ಲ.