ಆರು ತಿಂಗಳಾಯಿತು, ಇನ್ನು ಗಂಜಿ ತಿಳಿ ಸಾಲದು

ಸೊಸೆ ಬಾಣಂತನ ಮುಗಿಸಿ ಕರಾವಳಿಯ ತವರಿನಿಂದ ಹಾನಗಲ್‌ಗೆ ಮರಳಿದಾಗ ನಮ್ಮ ಮೊದಲ ಮೊಮ್ಮಗನಿಗೆ ಐದು ತಿಂಗಳು. ದುಂಡು ದುಂಡಾಗಿದ್ದ. ಅಂಗಡಿಗೆ ಬಂದವರೆಲ್ಲ ಎತ್ತಿಕೊಂಡು ಮುದ್ದಿಸುತ್ತಿದ್ದರು. ಆರು ತಿಂಗಳು ತುಂಬಿದಾಗ ಸೊಸೆ ಕೇಳಿದಳು, "ಉಮ್ಮ, ಇವನಿಗೆ ಇನ್ನು ಏನಾದರೂ ತಿನ್ನಿಸುವುದಲ್ಲವಾ?" ನಾವು ಹಿರಿಯರು ಹೇಳಿದ್ದು ಇಷ್ಟೇ: "ಎದೆಹಾಲು ಚೆನ್ನಾಗಿ ಉಂಟಲ್ಲ, ಅವಸರ ಎಂತಕ್ಕೆ? ಹಲ್ಲು ಬರಲಿ. ಅಲ್ಲಿವರೆಗೆ ಗಂಜಿ ತಿಳಿ ಸಾಕು."

ಹಾಗೆ ಹತ್ತು ತಿಂಗಳವರೆಗೆ ಗಂಜಿ ತಿಳಿ, ಬೇಳೆಯ ಮೇಲಿನ ನೀರು, ಸಂಜೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಹನ್ನೊಂದನೇ ತಿಂಗಳಲ್ಲಿ ಮಗು ಬಿಳಿಚಿಕೊಂಡಿತು. ಆಟ ಕಡಿಮೆಯಾಯಿತು, ಗೋಡೆಯ ಸುಣ್ಣ ಕೆರೆದು ಬಾಯಿಗೆ ಹಾಕತೊಡಗಿತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4. ಆ ವಯಸ್ಸಿಗೆ ಕನಿಷ್ಠ 11 ಇರಬೇಕು ಎಂದು ಡಾಕ್ಟರ್ ಹೇಳಿದಾಗ ನಮ್ಮ ಮುಖ ಸಣ್ಣದಾಯಿತು. ಮಗುವನ್ನು ಹಸಿವಿನಲ್ಲಿ ಇಟ್ಟಿರಲಿಲ್ಲ ನಾವು, ಪ್ರೀತಿಯಿಂದಲೇ ಸಾಕಿದ್ದು. ಆದರೆ ಪ್ರೀತಿಯಿಂದ ನೀರು ಕುಡಿಸಿದ್ದೆವು.

ಇದು ನಮ್ಮೊಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಪ್ರತಿ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ದೇಶದ ಲೆಕ್ಕದಲ್ಲಿ ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಎದೆಹಾಲಿನ ಜೊತೆ ಮೇಲಿನ ಆಹಾರವೂ ಸಿಗುತ್ತಿರುವುದು ಅರ್ಧಕ್ಕಿಂತ ಕಡಿಮೆ ಮಕ್ಕಳಿಗೆ, ಶೇ. 45.9 ಮಾತ್ರ. ಉಳಿದ ಮನೆಗಳಲ್ಲೂ ನಮ್ಮ ಹಾಗೆಯೇ "ಅವಸರ ಎಂತಕ್ಕೆ" ಎಂದವರು ಇದ್ದಿರಬೇಕು.

ಆರು ತಿಂಗಳಿಗೇ ಏಕೆ?

ಹುಟ್ಟುವಾಗ ಮಗು ತಾಯಿಯಿಂದ ಕಬ್ಬಿಣದ ಅಂಶವನ್ನು ಬುತ್ತಿ ಕಟ್ಟಿಕೊಂಡು ಬರುತ್ತದೆ. ಆ ಬುತ್ತಿ ಸುಮಾರು ಆರು ತಿಂಗಳಿಗೆ ಮುಗಿಯುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಇರುವುದು ಬಹಳ ಕಡಿಮೆ. ಅಲ್ಲಿಂದ ಮುಂದೆ ಅದು ಊಟದಿಂದಲೇ ಬರಬೇಕು. ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ, ಮೆತ್ತಗಿನದನ್ನು ಮಗು ವಸಡಿನಲ್ಲೇ ಅರೆಯುತ್ತದೆ. ಕತ್ತು ನಿಂತು, ಆಸರೆ ಕೊಟ್ಟರೆ ಕುಳಿತು, ನಮ್ಮ ತಟ್ಟೆಗೆ ಕೈ ಚಾಚತೊಡಗಿದರೆ ಮಗು ತಯಾರಾಗಿದೆ ಎಂದರ್ಥ.

ಆದರೆ ಅದಕ್ಕೂ ಮೊದಲು ಬೇಡ. ಶಿಗ್ಗಾಂವಿಯಲ್ಲಿರುವ ನಮ್ಮ ಸಂಬಂಧಿಕರ ಮನೆಯಲ್ಲಿ ನಡೆದದ್ದು ನಮ್ಮದಕ್ಕೆ ತಿರುಗಾಮುರುಗಾ. ಮಗು ರಾತ್ರಿ ಅತ್ತಿತೆಂದು, ಹಾಲು ಸಾಲುತ್ತಿಲ್ಲವೆಂದು ನಾಲ್ಕನೇ ತಿಂಗಳಿಗೇ ರವೆ ಗಂಜಿ ಶುರು ಮಾಡಿದ್ದರು. ಎರಡು ಸಲ ಭೇದಿಯಾಗಿ ಆಸ್ಪತ್ರೆಗೆ ಓಡಿದರು. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ಬೇಸಿಗೆಯಲ್ಲೂ ನೀರು ಸಹ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಡಾಕ್ಟರ್ ಬರೆದುಕೊಟ್ಟ ಔಷಧಿ, ಹನಿಗಳು ಮಾತ್ರ ಇದಕ್ಕೆ ಹೊರತು. ಮಗು ಅಳುವುದೆಲ್ಲ ಹಸಿವಿಗಲ್ಲ. ಹಾಲು ಸಾಲುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಮಗುವಿನ ತೂಕ ಏರುತ್ತಿದೆಯೇ, ಮೂತ್ರ ಚೆನ್ನಾಗಿ ಹೋಗುತ್ತಿದೆಯೇ ಎಂದು ನೋಡಬೇಕು.

ಬಟ್ಟಲು ಓರೆ ಮಾಡಿ ನೋಡಿ

ನಮ್ಮ ತಪ್ಪನ್ನು ಮೊದಲು ತೋರಿಸಿಕೊಟ್ಟವರು ಓಣಿಯ ಆಶಾ ಕಾರ್ಯಕರ್ತೆ. ಮನೆಗೆ ಬಂದವರು ಮಗುವಿನ ಬಟ್ಟಲನ್ನು ಕೈಗೆತ್ತಿಕೊಂಡು ಸ್ವಲ್ಪ ಓರೆ ಮಾಡಿದರು. ಗಂಜಿ ನೀರಿನ ಹಾಗೆ ಹರಿಯಿತು. "ಅಮ್ಮಾರ, ಇದ್ರಾಗ ಏನೈತ್ರಿ? ಬರೇ ನೀರು. ಕೂಸಿನ ಹೊಟ್ಟಿ ತುಂಬತೈತಿ, ಮೈಗೆ ಏನೂ ಹತ್ತಂಗಿಲ್ಲ. ಚಮಚದಾಗ ತಗೊಂಡು ಓರೆ ಮಾಡಿದ್ರ ಗಪ್ಪನ ಬೀಳಬಾರ್ದು, ಅಷ್ಟು ಗಟ್ಟಿ ಇರ್ಬೇಕ್ರಿ" ಎಂದರು.

ಲೆಕ್ಕ ಸರಳ. ಮಗುವಿನ ಹೊಟ್ಟೆ ಹಿಡಿಸುವುದು ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿ. ಏಳು ಕಿಲೋ ಮಗುವಿಗೆ ಒಂದು ಲೋಟದಷ್ಟು. ಆ ಪುಟ್ಟ ಜಾಗವನ್ನು ತಿಳಿ ನೀರಿನಿಂದ ತುಂಬಿಸಿದರೆ ಅನ್ನಕ್ಕೂ ಬೇಳೆಗೂ ಎದೆಹಾಲಿಗೂ ಜಾಗ ಉಳಿಯುವುದಿಲ್ಲ. ಸತ್ವ ಇರುವುದು ಕೆಳಗೆ ಕುಳಿತ ಅಗುಳಿನಲ್ಲಿ. ನಾವು ಮೇಲಿನ ನೀರನ್ನು ಮಗುವಿಗೆ ಕೊಟ್ಟು ಅಗುಳನ್ನು ನಾವೇ ಉಣ್ಣುತ್ತಿದ್ದೆವು!

ಶುರುವಿಗೆ ಎರಡು ಮೂರು ಚಮಚ ಸಾಕು, ದಿನಕ್ಕೆ ಎರಡು ಸಲ. ಆಮೇಲೆ ನಿಧಾನವಾಗಿ ಹೆಚ್ಚಿಸುತ್ತಾ ಹೋಗಿ ಒಂದು ಹೊತ್ತಿಗೆ 250 ಮಿಲಿ ಬಟ್ಟಲಿನ ಅರ್ಧಕ್ಕೆ ತರಬೇಕು. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಊಟ. ಒಂಬತ್ತರಿಂದ ಮೂರು ನಾಲ್ಕು ಊಟ, ನಡುವೆ ಬೇಕೆನಿಸಿದರೆ ಒಂದೆರಡು ಸಲ ಹಣ್ಣೋ ಮತ್ತೊಂದೋ. ವರ್ಷ ತುಂಬಿದ ಮೇಲೆ ಹೊತ್ತಿಗೆ ಮುಕ್ಕಾಲರಿಂದ ಒಂದು ಬಟ್ಟಲು. ಮೊದಲು ನುಣ್ಣಗೆ ಕಿವುಚಿದ್ದು, ಎಂಟು ತಿಂಗಳ ಹೊತ್ತಿಗೆ ಕೈಯಲ್ಲಿ ಹಿಡಿದು ತಿನ್ನುವ ಮೆತ್ತಗಿನ ತುಂಡು, ವರ್ಷಕ್ಕೆ ಮನೆಮಂದಿ ಉಣ್ಣುವುದೇ. ಮಿಕ್ಸಿಯಲ್ಲಿ ತಿರುವಿ ಪಾಯಸ ಮಾಡಬೇಕಿಲ್ಲ, ಕೈಯಲ್ಲಿ ಕಿವುಚಿದರಾಯಿತು.

ಕರಾವಳಿಯ ಮೀನು, ಬಯಲುಸೀಮೆಯ ಬೇಳೆ

ಘಟ್ಟ ಹತ್ತಿ ಬಂದ ನಮ್ಮಂಥವರಿಗೆ ಒಂದು ಅನುಕೂಲ ಇದೆ, ಎರಡೂ ಸೀಮೆಯ ಅಡುಗೆ ಗೊತ್ತು. ತವರಿನಿಂದ ಸೊಸೆ ಕಲಿತು ಬಂದ ರಾಗಿ ಮಣ್ಣಿ ಒಳ್ಳೆಯದೇ, ಆದರೆ ಬೆಲ್ಲ ಹಾಕಬಾರದು. ಇಲ್ಲಿಯ ನೆರೆಮನೆಯವರು ಕಲಿಸಿದ ಅನ್ನ-ಬ್ಯಾಳಿ ಇನ್ನೂ ಸುಲಭ. ಎರಡು ಪಾಲು ಅಕ್ಕಿಗೆ ಒಂದು ಪಾಲು ಹೆಸರುಬೇಳೆ, ಜೊತೆಗೆ ಒಂದು ತುಂಡು ಕುಂಬಳಕಾಯಿ ಅಥವಾ ಗಜ್ಜರಿ, ಒಂದು ಹಿಡಿ ಸೊಪ್ಪು. ಮೆತ್ತಗೆ ಬೇಯಿಸಿ, ಕಿವುಚಿ, ಮೇಲೆ ಒಂದು ಚಮಚ ತುಪ್ಪ. ಎರಡು ಹನಿ ನಿಂಬೆರಸ ಹಿಂಡಿದರೆ ಬೇಳೆ, ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಜೋಳದ ಹಿಟ್ಟಿನ ಗಟ್ಟಿ ಗಂಜಿಯೂ ಆಗುತ್ತದೆ. ಬೇಸಿಗೆಯಲ್ಲಿ ಹಾನಗಲ್ಲಿನ ಮಾವು ಇದ್ದೇ ಇದೆ.

ಇನ್ನು ನಮ್ಮ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಮಾಂಸ, ಮೀನು ಇಲ್ಲದೆ ಆಗುವುದಿಲ್ಲ. ಆದರೆ ಮಗುವಿಗೆ ಮಾತ್ರ "ಜೀರ್ಣ ಆಗಲ್ಲ" ಎಂದು ಸಾರಿನ ನೀರು! ಇದೇ ದೊಡ್ಡ ನಷ್ಟ. ಕಬ್ಬಿಣ ಇರುವುದು ಸಾರಿನಲ್ಲಿ ಅಲ್ಲ, ತುಂಡಿನಲ್ಲಿ. ಮಾಂಸ, ಮೀನಿನ ಕಬ್ಬಿಣ ಸೊಪ್ಪಿನದಕ್ಕಿಂತ ಸುಲಭವಾಗಿ ಮೈಗೆ ಸೇರುತ್ತದೆ. ಆರು ತಿಂಗಳಿಂದಲೇ ಚೆನ್ನಾಗಿ ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಅರೆದ ಕೋಳಿ ಮಾಂಸ ಕೊಡಬಹುದು. ಕುರಿ ಅಥವಾ ಕೋಳಿಯ ಲಿವರ್ ಒಂದು ಸಣ್ಣ ತುಂಡು, ವಾರಕ್ಕೊಮ್ಮೆ, ಪೂರ್ತಿ ಬೇಯಿಸಿ ಕಿವುಚಿ ಅನ್ನಕ್ಕೆ ಕಲಸಿದರೆ ಬಹಳ ಒಳ್ಳೆಯದು. ಬೂತಾಯಿಯ ಮುಳ್ಳು ಕಣ್ಣಿಗೆ ಬೀಳುವುದಿಲ್ಲ, ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಬೇಕು. ಒಣಮೀನು ಬೇಡ, ಅದರಲ್ಲಿ ಉಪ್ಪು ವಿಪರೀತ. ನಮ್ಮ ಮಸಾಲೆ ಹಾಕುವ ಮುಂಚೆಯೇ ಮಗುವಿನ ಪಾಲನ್ನು ತೆಗೆದಿಟ್ಟರೆ ಬೇರೆ ಅಡುಗೆಯ ರಗಳೆಯೇ ಇಲ್ಲ.

ಹೊಸ ಪದಾರ್ಥ ಕೊಡುವಾಗ ಒಂದೊಂದಾಗಿ, ನಡುವೆ ಎರಡು ಮೂರು ದಿನ ಬಿಟ್ಟು ಕೊಡಿ. ಮೈಮೇಲೆ ಗಂಧೆ, ವಾಂತಿ, ಮುಖ ಊದುವುದು ಕಂಡರೆ ಯಾವುದರಿಂದ ಎಂದು ಗೊತ್ತಾಗುತ್ತದೆ, ತಕ್ಷಣ ಡಾಕ್ಟರ್ ಬಳಿ ಹೋಗಬಹುದು. ಮಗು ಮೊದಲ ಸಲ ಉಗುಳಿದರೆ ಬಿಡಬೇಡಿ. ಹತ್ತು ಸಲ ರುಚಿ ನೋಡಿದ ಮೇಲೆ ಒಪ್ಪುವುದೂ ಉಂಟು.

ಜೇನು, ಚಹಾ, ಬಿಸ್ಕತ್ತು

ಸವಣೂರಿನ ನಮ್ಮವರ ಮನೆಗೆ ಹೋದಾಗ ಮಗುವಿನ ಚಪ್ಪೆ ನಿಪ್ಪಲ್ಲಿಗೆ ಜೇನು ಸವರಿ ಕೊಡುತ್ತಿದ್ದರು. ಜೇನು ಶಿಫಾ ಅಲ್ಲವೇ ಎಂದರು. ದೊಡ್ಡವರಿಗೆ ಹೌದು. ಆದರೆ ವರ್ಷ ತುಂಬದ ಮಗುವಿನ ಕರುಳಿನಲ್ಲಿ, ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಬೆಳೆದು ವಿಷ ಉಂಟುಮಾಡಬಹುದು. ಮಗುವಿನ ಕೈಕಾಲು ಸೋತು ಉಸಿರಾಟಕ್ಕೇ ತೊಂದರೆಯಾಗಬಹುದು. ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದ್ದು. ಕಾಯಿಸಿದರೂ ಆ ರೋಗಾಣು ಸಾಯುವುದಿಲ್ಲ. ಆದ್ದರಿಂದ ಒಂದು ವರ್ಷದವರೆಗೆ ಜೇನು ಒಂದು ಹನಿಯೂ ಬೇಡ. ಹೆರಿಗೆ ಮನೆಗೆ ಜೇನು ಶೀಶೆ ಹಿಡಿದು ಹೋಗುವ ಬಂಧುಗಳಿಗೂ ಇದನ್ನು ಮೊದಲೇ ಹೇಳಿಡಬೇಕು.

ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಬಿಸ್ಕತ್ತಿನಲ್ಲಿ ಮೈದಾ, ಸಕ್ಕರೆ. ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ, ಎದೆಹಾಲಿಗೆ ಬದಲಾಗಿ ದನದ ಹಾಲೂ ಬೇಡ. ಇಡೀ ಶೇಂಗಾ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಶೇಂಗಾ ಕೊಡುವುದಾದರೆ ಹುರಿದು ನುಣ್ಣಗೆ ಪುಡಿ ಮಾಡಿ ಅನ್ನಕ್ಕೆ ಕಲಸಿ. ಬಾಟಲಿ ಬಿಟ್ಟುಬಿಡಿ, ಲೋಟ ಮತ್ತು ಚಮಚ ಸಾಕು, ತೊಳೆಯುವುದೂ ಸುಲಭ. ಮಗುವಿನ ಆಹಾರದ ಡಬ್ಬಿಗಳ ಜಾಹೀರಾತನ್ನು 1992ರ ಕಾನೂನು ನಿಷೇಧಿಸಿದೆ ಎಂಬುದೂ ನಮಗೆ ಗೊತ್ತಿರಲಿ. ಅಂಗನವಾಡಿಯಲ್ಲಿ ಹೆಸರು ನೋಂದಾಯಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಮನೆಗೇ ಪೌಷ್ಟಿಕ ಆಹಾರ ಸಿಗುತ್ತದೆ. "ಅದು ಬಡವರಿಗೆ" ಎಂದು ನಾಚುವುದು ಬೇಡ, ಅದು ಎಲ್ಲ ಮಕ್ಕಳ ಹಕ್ಕು. ಆಶಾ ಕಾರ್ಯಕರ್ತೆಯರು 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಬರುವ ಕಾರ್ಯಕ್ರಮವೂ ಇದೆ. ಕಬ್ಬಿಣದ ಸಿರಪ್ ಅನ್ನು ಅವರಲ್ಲಿ ಕೇಳಿ ಪಡೆಯಿರಿ.

ಎದೆಹಾಲು ಬಿಡಿಸಬೇಡಿ

ಹಿರೇಕೆರೂರಿನಿಂದ ಫೋನ್ ಮಾಡಿದ ನಮ್ಮ ಮನೆತನದ ಹುಡುಗಿ, "ಊಟ ಶುರು ಮಾಡಿದ್ದೇವೆ, ಇನ್ನು ಹಾಲು ಬಿಡಿಸಲು ಅತ್ತೆ ಹೇಳುತ್ತಿದ್ದಾರೆ" ಎಂದಳು. ಅದು ತಪ್ಪು ತಿಳಿವಳಿಕೆ. ಊಟ ಹಾಲಿನ ಜೊತೆಗೆ ಬರುವುದು, ಹಾಲಿನ ಜಾಗಕ್ಕಲ್ಲ. ಆರರಿಂದ ಹನ್ನೆರಡು ತಿಂಗಳವರೆಗೆ ಮಗುವಿಗೆ ಬೇಕಾದ ಶಕ್ತಿಯಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚು ಎದೆಹಾಲಿನಿಂದಲೇ ಸಿಗುತ್ತದೆ, ಎರಡನೇ ವರ್ಷದಲ್ಲಿ ಮೂರನೇ ಒಂದು ಭಾಗ. ಭೇದಿ, ಜ್ವರ ಬಂದು ಮಗು ಊಟ ಒಲ್ಲೆ ಎಂದಾಗ ಕೈ ಹಿಡಿಯುವುದೂ ಅದೇ.

ಹಾಲುಣಿಸುವುದನ್ನು ಪೂರ್ತಿಗೊಳಿಸಬಯಸುವವರಿಗೆ ಎರಡು ಪೂರ್ಣ ವರ್ಷ ಎಂದು ಕುರ್‌ಆನ್‌ನ ಅಲ್ ಬಕರ ಅಧ್ಯಾಯ ಹೇಳುತ್ತದೆ. ಅದಕ್ಕೂ ಮುಂಚೆ ಬಿಡಿಸುವುದಾದರೆ ತಂದೆ ತಾಯಿ ಇಬ್ಬರೂ ಸಮಾಲೋಚಿಸಿ ಒಪ್ಪಿ ನಿರ್ಧರಿಸಬೇಕು ಎಂದೂ ಅಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುವುದೂ ಎರಡು ವರ್ಷ ಮತ್ತು ಅದರಾಚೆ. ಗಮನಿಸಿ, ತೀರ್ಮಾನ ತಂದೆ ತಾಯಿಯದ್ದು. ಅತ್ತೆ, ಅಜ್ಜಿಯರಾದ ನಮ್ಮ ಕೆಲಸ ಬಾಣಂತಿಯ ತಟ್ಟೆ ತುಂಬಿಸುವುದು ಮತ್ತು ಅವಳಿಗೆ ಕೂತು ಹಾಲೂಡಿಸಲು, ಊಟ ಮಾಡಿಸಲು ಪುರುಸೊತ್ತು ಕೊಡುವುದು. ಮಗುವಿನ ಒಂದು ಊಟಕ್ಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಅವಳಿಗೆ ಸಿಗದಿದ್ದರೆ ಮೊಬೈಲ್ ಮುಂದಿಟ್ಟು ತುರುಕುವುದೇ ಆಗುತ್ತದೆ.

ಎರಡನೇ ಮೊಮ್ಮಗಳು

ಮೊದಲ ಮೊಮ್ಮಗನಿಗೆ ಡಾಕ್ಟರ್ ಬರೆದ ಸಿರಪ್, ಗಟ್ಟಿ ಊಟ ಎರಡೂ ಸೇರಿ ಕೆಲವು ತಿಂಗಳಲ್ಲಿ ರಕ್ತ ಮೇಲೆ ಬಂತು. ಗೋಡೆ ಕೆರೆಯುವುದು ನಿಂತಿತು. ಈಗ ಶಾಲೆಗೆ ಹೋಗುತ್ತಾನೆ.

ಎರಡನೆಯವಳಿಗೆ ಆರು ತಿಂಗಳು ತುಂಬಿದ ದಿನ ಈ ಸಲ ಸೊಸೆ ಕೇಳಲಿಲ್ಲ, ನಾವೇ ಕುಕ್ಕರ್ ಇಟ್ಟೆವು. ಮೊದಲ ಚಮಚ ಉಗುಳಿದಳು, ಎರಡನೆಯದಕ್ಕೆ ಮುಖ ಕಿವುಚಿದಳು, ಮೂರನೆಯದು ನುಂಗಿದಳು. ಎಂಟನೇ ತಿಂಗಳಿಗೆ ನಮ್ಮ ತಟ್ಟೆಯಿಂದ ಮೀನಿನ ತುಂಡಿಗೆ ಕೈ ಹಾಕುತ್ತಿದ್ದಳು. ವರ್ಷ ತುಂಬಿದಾಗ ರಕ್ತ ಪರೀಕ್ಷೆ ಮಾಡಿಸಿದೆವು, 11.3 ಬಂತು.

ಅಣ್ಣನಿಗೂ ಅವಳಿಗೂ ಹಾಲೂಡಿಸಿದ್ದು ಅದೇ ತಾಯಿ, ಬೇಯಿಸಿದ್ದು ಅದೇ ಒಲೆಯಲ್ಲಿ, ಅಕ್ಕಿಯೂ ಅದೇ. ಬಟ್ಟಲಿಗೆ ಈ ಸಲ ನೀರಿನ ಬದಲು ಅಗುಳು ಬಿತ್ತು, ಅಷ್ಟೇ. ನಿಮ್ಮ ಮನೆಯಲ್ಲಿ ಆರು ತಿಂಗಳು ದಾಟಿದ ಮಗು ಇದ್ದರೆ ಇವತ್ತು ರಾತ್ರಿ ಅದರ ಬಟ್ಟಲನ್ನು ಒಮ್ಮೆ ಓರೆ ಮಾಡಿ ನೋಡಿ.